ಸರ್ಫಿಂಗ್ ನಿಜವಾಗಲೂ ಸತ್ತುಹೋಗಿ ಮತ್ತೆ ಹುಟ್ಟಿತಾ? ಹವಾಯಿ ಇತಿಹಾಸ ಗೊತ್ತಿರುವವರು ಹೇಳಿ

ತೆರೆಮಲ್ಲಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹದಿನಾರು ಹದಿನೇಳು ವರ್ಷದ ಮಕ್ಕಳ ಮುಂದೆ ಒಂದು ಗಂಟೆ ಮಾತಾಡಬೇಕಿದೆ. ವಿಷಯ ನಾನೇ ಆರಿಸಿಕೊಂಡಿದ್ದು, ಸರ್ಫಿಂಗ್ ಎಲ್ಲಿಂದ ಬಂತು ಅಂತ. ಅಲೆ ಮೇಲೆ ನಿಂತು ಜಾರುವವರನ್ನು ನೋಡಿದಾಗಿನಿಂದ ಈ ಆಟ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೂರು ವಾರದಿಂದ ಓದ್ತಾ ಇದ್ದೇನೆ.

ಎಲ್ಲಿ ನೋಡಿದರೂ ಒಂದೇ ಕಥೆ ಸಿಗುತ್ತದೆ. ಹವಾಯಿ ಜನ ಶತಮಾನಗಳಿಂದ ಅಲೆ ಮೇಲೆ ಆಡುತ್ತಿದ್ದರು, 1820ರಲ್ಲಿ ಅಮೆರಿಕದಿಂದ ಮಿಷನರಿಗಳು ಬಂದು ನಿಷೇಧ ಮಾಡಿದರು, ಆಟ ಸತ್ತುಹೋಯಿತು, 1900 ದಾಟಿದ ಮೇಲೆ ಅಮೆರಿಕದ ಲೇಖಕ ಜ್ಯಾಕ್ ಲಂಡನ್ ತರದ ಕೆಲವು ಬಿಳಿಯರು ವೈಕಿಕಿ ಕಡಲತೀರದಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಕೇಳೋಕೆ ಚೆನ್ನಾಗಿದೆ, ಮಕ್ಕಳಿಗೆ ಹೇಳೋಕೂ ಸುಲಭ. ಆದರೆ ಒಂದು ಕಡೆ ನನಗೆ ಲೆಕ್ಕ ಕೂಡಿ ಬರುತ್ತಿಲ್ಲ. ಹವಾಯಿಯ ಹೆಸರಾಂತ ಸರ್ಫರ್ ಡ್ಯೂಕ್ ಕಹನಮೊಕು ಹುಟ್ಟಿದ್ದು 1890ರಲ್ಲಿ. ಆಟ ಅಷ್ಟರಲ್ಲಿ ಸತ್ತೇ ಹೋಗಿದ್ದರೆ ಅವರು ಅದನ್ನು ಯಾರಿಂದ ಕಲಿತರು? ಇಷ್ಟು ಕಷ್ಟದ ವಿದ್ಯೆ, ಹಲಗೆ ಮಾಡುವುದರಿಂದ ಹಿಡಿದು ಅಲೆ ಓದುವ ತನಕ, ಎಪ್ಪತ್ತು ಎಂಬತ್ತು ವರ್ಷ ಯಾರ ಕೈಯಲ್ಲೂ ಇಲ್ಲದೆ ಸುಮ್ನೆ ಮತ್ತೆ ಹುಟ್ಟಿಕೊಳ್ಳುತ್ತದಾ?

ಮಕ್ಕಳಿಗೆ ತಪ್ಪು ಹೇಳೋಕೆ ಇಷ್ಟ ಇಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಹಳೇಪುಟ:

ನಿಮ್ಮ ಅನುಮಾನ ಸರಿ. ಆ ಕಥೆಯಲ್ಲಿ ಅರ್ಧ ಮಾತ್ರ ನಿಜ. ತಪ್ಪಿರುವ ಅರ್ಧದಿಂದ ದೊಡ್ಡ ಅನ್ಯಾಯವೇ ಆಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ದಿನಾಂಕ ನೋಡಿ. ಹಳೇ ಹವಾಯಿಯಲ್ಲಿ ಕಪು ಅಂತ ಕಟ್ಟುಪಾಡು ಇತ್ತು. ಯಾರು ಯಾರ ಜೊತೆ ಉಣ್ಣಬೇಕು, ಯಾರು ಏನನ್ನು ಮುಟ್ಟಬಾರದು, ಎಲ್ಲ ಅದರಲ್ಲೇ ನಿರ್ಧಾರ. ಕೆಲವು ಜಾಗದ ಅಲೆಗಳು ಅಲಿಇ ಅಂದರೆ ಒಡೆಯರಿಗೆ ಮಾತ್ರ ಮೀಸಲು. ವರ್ಷಕ್ಕೊಮ್ಮೆ ಮಕಹಿಕಿ ಅಂತ ಸುಮಾರು ನಾಲ್ಕು ತಿಂಗಳ ಹಬ್ಬ, ಲೊನೊ ದೇವರ ಹೆಸರಿನಲ್ಲಿ. ಆಗ ಯುದ್ಧ ಮಾಡುವಂತಿಲ್ಲ, ಆಟ, ಕುಣಿತ, ಪಂದ್ಯಗಳದ್ದೇ ಕಾಲ. ಸರ್ಫಿಂಗ್ ಈ ಬದುಕಿನೊಳಗೆ ಹೆಣೆದುಕೊಂಡಿತ್ತು. ಮೊದಲನೇ ಕಮೆಹಮೆಹ ಮತ್ತು ಅವನ ರಾಣಿ ಕಅಹುಮನು ಇಬ್ಬರೂ ಅಲೆ ಏರುವುದರಲ್ಲಿ ಹೆಸರು ಮಾಡಿದವರು. ಕಮೆಹಮೆಹ 1819ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ಮಗ ಲಿಹೊಲಿಹೊ ಹೆಂಗಸರ ಪಂಕ್ತಿಯಲ್ಲಿ ಕೂತು ಊಟ ಮಾಡಿದ, ಆ ಒಂದು ಊಟದಿಂದ ಕಪು ಮುರಿದುಬಿತ್ತು. ಅದರ ಹಿಂದೆ ಇದ್ದದ್ದು ಕಅಹುಮನುವೇ. ಮಿಷನರಿಗಳ ಹಡಗು ಬಂದದ್ದು ಅದಾದ ಮೇಲೆ, 1820ರಲ್ಲಿ. ಅಂದರೆ ಆಟವನ್ನು ಹಿಡಿದು ನಿಲ್ಲಿಸಿದ್ದ ಕಂಬಗಳಲ್ಲಿ ಕೆಲವನ್ನು ಅವರು ಬರುವ ಮೊದಲೇ ಹವಾಯಿಯ ಒಡೆಯರೇ ಕಿತ್ತಿದ್ದರು.

ಹಾಗಂತ ಮಿಷನರಿಗಳದ್ದು ಏನೂ ತಪ್ಪಿಲ್ಲ ಅಂತಲ್ಲ. ಬರಿಮೈಯಲ್ಲಿ ಗಂಡು ಹೆಣ್ಣು ಒಟ್ಟಿಗೆ ನೀರಿಗಿಳಿಯುವುದು ಅವರಿಗೆ ಸಹಿಸಲಿಲ್ಲ. ಪಂದ್ಯ ಕಟ್ಟುವುದೂ ಹಾಗೇ. ಆಗ ಪಂದ್ಯ ಅಂದರೆ ಸಣ್ಣದಲ್ಲ, ದೋಣಿ, ಬಲೆ, ಹಂದಿ ಎಲ್ಲ ಪಣಕ್ಕಿಡುತ್ತಿದ್ದರು. ಸ್ಕೂಲು, ಪ್ರಾರ್ಥನೆ, ದುಡಿಮೆ, ಇಷ್ಟೇ ಒಳ್ಳೇ ಬದುಕು ಅನ್ನುವ ಪಾಠ ದಿನವೂ ನಡೆಯಿತು. ಆದರೆ ಸರ್ಫಿಂಗ್ ಮಾಡಬಾರದು ಅಂತ ಇಡೀ ದ್ವೀಪಗಳಿಗೆ ಒಂದು ಕಾನೂನು ಹೊರಡಿಸಿದರು ಅನ್ನೋದು ಸರಿಯಲ್ಲ. ಅವರ ಮುಖಂಡ ಹೈರಮ್ ಬಿಂಗಮ್ 1847ರಲ್ಲಿ ಬರೆದದ್ದು ನೋಡಿ: ಹಲಗೆಯ ಬಳಕೆ ಕಮ್ಮಿಯಾಗಿದ್ದು ಜನರಲ್ಲಿ ನಾಚಿಕೆ, ದುಡಿಮೆ, ಧರ್ಮ ಜಾಸ್ತಿಯಾಗಿದ್ದರಿಂದ, ನಾವು ಬಲವಂತದ ಕಟ್ಟಳೆ ಮಾಡಿದ್ದರಿಂದ ಅಲ್ಲ ಅಂತ. ತನ್ನ ಪರ ತಾನೇ ವಾದ ಮಾಡುವವನ ಮಾತು ಅದು, ಹಾಗಂತಲೇ ಓದಬೇಕು.

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ಸಾವು. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗುಗಳು ಹವಾಯಿಗೆ ಬಂದದ್ದು 1778ರಲ್ಲಿ. ಆಗ ಅಲ್ಲಿ ಎಷ್ಟು ಜನ ಇದ್ದರು ಅನ್ನೋದರಲ್ಲಿ ಇತಿಹಾಸಕಾರರು ಒಪ್ಪುವುದಿಲ್ಲ, ಮೂರು ಲಕ್ಷದಿಂದ ಎಂಟು ಲಕ್ಷದ ತನಕ ಅಂದಾಜು ಇದೆ. 1890ರ ಜನಗಣತಿಯಲ್ಲಿ ಹವಾಯಿ ಮೂಲದವರು ಸುಮಾರು 40 ಸಾವಿರ. ಕಮ್ಮಿ ಅಂದಾಜನ್ನೇ ಹಿಡಿದರೂ ಏಳು ಜನ ಇದ್ದ ಕಡೆ ಒಬ್ಬರು ಉಳಿದಂತೆ. 1848-49ರಲ್ಲಿ ದಡಾರ, ನಾಯಿಕೆಮ್ಮು, ಫ್ಲೂ ಒಂದರ ಹಿಂದೆ ಒಂದು. 1853ರಲ್ಲಿ ಸಿಡುಬು. ಈ ರೋಗಗಳನ್ನು ಅವರ ಮೈ ಹಿಂದೆ ಕಂಡೇ ಇರಲಿಲ್ಲ. ಮನೆಮನೆಯಲ್ಲೂ ಹೆಣ ಬೀಳುತ್ತಿರುವಾಗ ಕಡಲತೀರ ಖಾಲಿಯಾದರೆ ಅದನ್ನು "ಆಸಕ್ತಿ ಕಮ್ಮಿಯಾಯಿತು" ಅಂತ ಬರೆಯೋಕೆ ಹೇಗೆ ಮನಸ್ಸು ಬರುತ್ತದೋ.

ಇನ್ನೊಂದು, ಶ್ರೀಗಂಧ. ಹವಾಯಿ ಬೆಟ್ಟಗಳಲ್ಲಿ ಗಂಧದ ಮರ ಇತ್ತು, ಚೀನಾದಲ್ಲಿ ಅದಕ್ಕೆ ಬೇಡಿಕೆ ಇತ್ತು. ಒಡೆಯರು ಹಡಗು, ಬಟ್ಟೆ, ಬಂದೂಕಿಗೆ ಸಾಲ ಮಾಡಿ ಅದನ್ನು ತೀರಿಸೋಕೆ ಜನರನ್ನು ಬೆಟ್ಟಕ್ಕೆ ಅಟ್ಟಿದರು. ಗದ್ದೆ ಬಿಟ್ಟು, ಕಡಲು ಬಿಟ್ಟು ಜನ ಮರ ಹೊತ್ತರು. ಅಲೆ ಆಟಕ್ಕೆ ಬೇಕಾದ್ದು ಬಿಡುವು, ಅದೇ ಇಲ್ಲದಾಯಿತು.


ಪಡುಗಾಳಿ:

ಹಳೇಪುಟ ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಕಮ್ಮಿಯಾಯಿತು ಅನ್ನೋದು ನಿಜ, ಆದರೆ ಸತ್ತಿತು ಅನ್ನೋದಕ್ಕೆ ಆಧಾರ ಇಲ್ಲ. ಹತ್ತೊಂಬತ್ತನೇ ಶತಮಾನದ ಉದ್ದಕ್ಕೂ ನೋಡಿದವರ ಸಾಕ್ಷಿ ಸಿಗುತ್ತದೆ.

ಮಾರ್ಕ್ ಟ್ವೈನ್ 1866ರಲ್ಲಿ ಹವಾಯಿಗೆ ಹೋಗಿದ್ದರು. ಅಲ್ಲಿ ಗಂಡು ಹೆಣ್ಣು ಎಳೆಯರು ಹಿರಿಯರು ಎಲ್ಲರೂ ಒಟ್ಟಿಗೆ ಅಲೆ ಮೇಲೆ ಬರುವುದನ್ನು ನೋಡಿದರು, ತಾವೂ ಹಲಗೆ ತಗೊಂಡು ಒಂದು ಸಲ ಯತ್ನಿಸಿದರು, ಆಗಲಿಲ್ಲ. 1873ರಲ್ಲಿ ಇಸಬೆಲ್ಲಾ ಬರ್ಡ್ ಅನ್ನುವ ಬ್ರಿಟಿಷ್ ಪ್ರವಾಸಿ ಹಿಲೋ ಊರಲ್ಲಿ ಇದ್ದರು, ಒಳ್ಳೇ ಅಲೆ ಎದ್ದ ದಿನ ಊರಿಗೆ ಊರೇ ಕಡಲಿಗೆ ಬಂದದ್ದನ್ನು ಬರೆದಿದ್ದಾರೆ. ಮಿಷನರಿಗಳು ಬಂದು ಐವತ್ತಮೂರು ವರ್ಷ ಆಗಿತ್ತು ಆಗ. ಸತ್ತ ಆಟ ನೋಡೋಕೆ ಊರೆಲ್ಲ ಬರುತ್ತದಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ 1885ರದ್ದು. ಹವಾಯಿ ರಾಜಮನೆತನದ ಮೂವರು ಅಣ್ಣತಮ್ಮಂದಿರು, ಡೇವಿಡ್ ಕವನನಕೊಆ, ಎಡ್ವರ್ಡ್ ಕೆಲಿಇಅಹೊನುಇ ಮತ್ತು ಜೋನಾ ಕೂಹಿಯೊ, ಕ್ಯಾಲಿಫೋರ್ನಿಯಾದ ಒಂದು ಮಿಲಿಟರಿ ಶಾಲೆಯಲ್ಲಿ ಓದುತ್ತಿದ್ದರು. ರಜೆಗೆ ಸಾಂಟಾ ಕ್ರೂಜ್‌ಗೆ ಹೋದರು. ಅಲ್ಲಿ ಸ್ಯಾನ್ ಲೊರೆಂಜೊ ನದಿ ಕಡಲು ಸೇರುವ ಕಡೆ ಒಡೆಯುವ ಅಲೆ ನೋಡಿದರು. ಹಲಗೆ ಇರಲಿಲ್ಲ. ಅಲ್ಲೇ ಸಿಗುವ ರೆಡ್‌ವುಡ್ ಮರದಿಂದ, ಮನೆಯಲ್ಲಿ ಒಡೆಯರು ಬಳಸುತ್ತಿದ್ದಂಥ ಉದ್ದ ಹಲಗೆ ಮಾಡಿಸಿಕೊಂಡು ನೀರಿಗಿಳಿದರು. ಅಮೆರಿಕದ ಮುಖ್ಯ ನೆಲದಲ್ಲಿ ದಾಖಲಾದ ಮೊದಲ ಸರ್ಫಿಂಗ್ ಇದೇ. ಹದಿಹರೆಯದ ಹುಡುಗರು, ಊರು ಬಿಟ್ಟು ಅಷ್ಟು ದೂರ ಬಂದವರು, ಪರದೇಶದ ಮರ ನೋಡಿ ಇದರಿಂದ ಹಲಗೆ ಆಗುತ್ತದೆ ಅಂತ ಹೇಳಬಲ್ಲವರಾಗಿದ್ದರು. ವಿದ್ಯೆ ಕೈಯಲ್ಲಿ ಇದ್ದರೆ ಮಾತ್ರ ಅದು ಸಾಧ್ಯ ಅಲ್ವಾ? ಐದು ವರ್ಷ ಬಿಟ್ಟು 1890ರಲ್ಲಿ ಅವರಲ್ಲಿ ಇಬ್ಬರು ಇಂಗ್ಲೆಂಡಿನ ಬ್ರಿಡ್ಲಿಂಗ್ಟನ್‌ನಲ್ಲೂ ಅಲೆ ಏರಿದರು, ಉತ್ತರ ಸಮುದ್ರದ ಆ ಚಳಿ ನೀರಲ್ಲಿ.

ಇನ್ನು ಹವಾಯಿ ಭಾಷೆಯ ಪತ್ರಿಕೆಗಳು. 1834ರಿಂದ 1948ರ ತನಕ ಹವಾಯಿ ಜನ ತಮ್ಮ ಭಾಷೆಯಲ್ಲಿ ಪತ್ರಿಕೆ ನಡೆಸಿದರು. ಅವುಗಳಲ್ಲಿ ಅಲೆಗಳ ಹೆಸರು, ಹಳೇ ಸರ್ಫರ್‌ಗಳ ಕಥೆ, ಹಲಗೆಗಳ ವಿವರ ಎಲ್ಲ ಇದೆ. ಜಾನ್ ಪಾಪಾ ಇಇ ಅನ್ನುವವರು 1800ರಲ್ಲಿ ಹುಟ್ಟಿ ಕಮೆಹಮೆಹನ ಅರಮನೆಯಲ್ಲೇ ಬೆಳೆದವರು, ಯಾವ ಊರಲ್ಲಿ ಯಾವ ಅಲೆ, ಅದಕ್ಕೇನು ಹೆಸರು ಅಂತ ಬರೆದಿಟ್ಟಿದ್ದಾರೆ. ಆದರೆ ರಾಣಿ ಲಿಲಿಉಒಕಲನಿಯನ್ನು 1893ರಲ್ಲಿ ಗದ್ದುಗೆಯಿಂದ ಇಳಿಸಿದರು, 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಪಾಠದ ಭಾಷೆ ಅಂತ ಕಾನೂನಾಯಿತು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ಒಂದು ಎರಡು ತಲೆಮಾರಲ್ಲಿ ಆ ಪತ್ರಿಕೆ ಓದಬಲ್ಲವರೇ ಕಮ್ಮಿಯಾದರು. ಆಮೇಲೆ ಸರ್ಫಿಂಗ್ ಇತಿಹಾಸ ಬರೆದವರು ಹೆಚ್ಚಾಗಿ ಇಂಗ್ಲಿಷ್ ಕಾಗದಗಳನ್ನೇ ನೋಡಿ ಬರೆದರು. "ಸತ್ತುಹೋಯಿತು" ಅನ್ನೋ ಕಥೆಯ ಬೇರು ಇಲ್ಲಿದೆ ಅಂತ ನನ್ನ ನಂಬಿಕೆ.

ವೈಕಿಕಿ ವಿಷಯ. ಜ್ಯಾಕ್ ಲಂಡನ್ 1907ರಲ್ಲಿ ಬಂದರು, ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್ ಅನ್ನುವ ಅಮೆರಿಕದ ಪತ್ರಕರ್ತ ಅವರನ್ನು ನೀರಿಗಿಳಿಸಿದರು, ಲಂಡನ್ ಅದರ ಬಗ್ಗೆ ಬರೆದ ಲೇಖನ ಜಗತ್ತೆಲ್ಲ ಓದಿತು. 1908ರಲ್ಲಿ ಫೋರ್ಡ್ ಔಟ್‌ರಿಗರ್ ಕನೂ ಕ್ಲಬ್ ಶುರು ಮಾಡಿದರು. ಇದೆಲ್ಲ ನಡೆದದ್ದೇ, ಪ್ರಚಾರ ಸಿಕ್ಕಿದ್ದೂ ನಿಜ. ಆದರೆ ಅಲ್ಲಿ ಲಂಡನ್ ಬೆರಗಾಗಿ ನೋಡಿದ್ದು ಜಾರ್ಜ್ ಫ್ರೀತ್‌ನನ್ನು, ಅವನು ಹವಾಯಿ ರಕ್ತ ಇದ್ದ ಹುಡುಗ. ಔಟ್‌ರಿಗರ್ ಕ್ಲಬ್ಬಿನಲ್ಲಿ ಹೆಚ್ಚಿನವರು ಬಿಳಿಯರೇ. ಅದಕ್ಕೇ ಡ್ಯೂಕ್ ಮತ್ತು ಗೆಳೆಯರು ತಮ್ಮದೇ ಹುಇ ನಲು ಕಟ್ಟಿಕೊಂಡರು, 1911ರಲ್ಲಿ ಅದು ಅಧಿಕೃತವಾಯಿತು. ಹುಇ ಅಂದರೆ ಸಂಘ, ನಲು ಅಂದರೆ ಅಲೆ. ಮಕ್ಕಳಿಗೆ ಈ ಎರಡು ಕ್ಲಬ್ ಅಕ್ಕಪಕ್ಕ ಇಟ್ಟು ಹೇಳಿ, ಸಾಕು.


ತೆರೆಮಲ್ಲಿ:

ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆ ಮೂವರು ಅಣ್ಣತಮ್ಮಂದಿರ ಕಥೆ ಓದಿ ಮೈ ಜುಮ್ ಅಂದಿತು. ಅದರಿಂದಲೇ ಮಾತು ಶುರು ಮಾಡುತ್ತೇನೆ.

ಇನ್ನೆರಡು ಕೇಳಬೇಕು. ಒಂದು, ಹಲಗೆ. ಹಳೇ ಹಲಗೆ ಹೇಗೆ ಮಾಡುತ್ತಿದ್ದರು, ಈಗಿನದಕ್ಕೂ ಅದಕ್ಕೂ ಏನು ವ್ಯತ್ಯಾಸ? ಎರಡು, ಸರ್ಫಿಂಗ್ ಹುಟ್ಟಿದ್ದು ಹವಾಯಿಯಲ್ಲಲ್ಲ, ಪೆರುವಿನಲ್ಲಿ ಅಂತಲೂ ಕೆಲವರು ವಾದ ಮಾಡುತ್ತಾರೆ. ಅದರಲ್ಲಿ ಹುರುಳಿದೆಯಾ?


ಹಲಗೆಗಾರ:

ಹಲಗೆ ವಿಷಯ ನನ್ನ ಪ್ರಾಣ. ಹನ್ನೊಂದು ವರ್ಷದಿಂದ ಅಲೆ ಏರುತ್ತಿದ್ದೇನೆ, ಸ್ವಂತಕ್ಕೆ ನಾಲ್ಕು ಹಲಗೆ ಕೆತ್ತಿದ್ದೇನೆ.

ಹಳೇ ಹವಾಯಿಯಲ್ಲಿ ಮರ ಕಡಿಯುವ ಮೊದಲು ಬುಡದಲ್ಲಿ ಕೂಮು ಅನ್ನುವ ಕೆಂಪು ಮೀನು ಇಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಮರ ಬಿದ್ದ ಮೇಲೆ ಬೇರಿನ ಗುಂಡಿಯಲ್ಲಿ ಆ ಮೀನನ್ನು ಹೂಳುತ್ತಿದ್ದರು. ಆಮೇಲೆ ಕಲ್ಲಿನ ಬಾಚಿಯಿಂದ ಕೆತ್ತಿ ಆಕಾರ ತರುವುದು. ಬಾಚಿಯ ಗುರುತು ಹೋಗಬೇಕಲ್ಲ, ಅದಕ್ಕೆ ಒರಟು ಹವಳದ ಕಲ್ಲಿನಿಂದ ತಿಕ್ಕುವುದು. ನಂತರ ಸುಟ್ಟ ಕುಕುಇ ಕಾಯಿಯ ಮಸಿ, ಗಿಡಗಳ ಬೇರಿನ ರಸ ಬಳಿದು ಕಪ್ಪು ಹೊಳಪು ಕೊಡುತ್ತಿದ್ದರು. ನೀರಿಂದ ಬಂದ ಮೇಲೆ ಹಲಗೆಯನ್ನು ಒಣಗಿಸಿ, ತೆಂಗಿನೆಣ್ಣೆ ಸವರಿ, ಮರದ ನಾರಿನ ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರು. ಇದನ್ನು ಮೊದಲ ಸಲ ಓದಿದ ರಾತ್ರಿ ಎದ್ದು ಹೋಗಿ ನನ್ನ ಹಲಗೆ ಒರೆಸಿಟ್ಟು ಬಂದೆ. ಅಲೆ ಇಲ್ಲದ ದಿನ ಮರಳಲ್ಲಿ ಹಬ್ಬುವ ಪೊಹುಎಹುಎ ಬಳ್ಳಿ ಕಿತ್ತು, ಅದರಿಂದ ನೀರಿಗೆ ಹೊಡೆಯುತ್ತಾ ಅಲೆಯನ್ನು ಹಾಡಿ ಕರೆಯುವ ಪದ್ಧತಿಯೂ ಇತ್ತು.

ಹಲಗೆಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಪೈಪೊ ಚಿಕ್ಕದು, ಹೊಟ್ಟೆ ಮೇಲೆ ಮಲಗಿ ಬರುವುದಕ್ಕೆ. ಅಲಾಯ ತೆಳ್ಳಗೆ, ಒಬ್ಬ ಆಳಿನಷ್ಟು ಅಥವಾ ಇನ್ನೂ ಉದ್ದ, ಎಲ್ಲರೂ ಬಳಸುತ್ತಿದ್ದುದು ಇದು. ಓಲೊ ದಪ್ಪ, ಹದಿನೈದು ಅಡಿಗೂ ಮೇಲೆ, ಒಡೆಯರ ಹಲಗೆ. ಅಬ್ನರ್ ಪಾಕಿ ಅನ್ನುವ ಒಡೆಯರ ಹಲಗೆಗಳು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಈಗಲೂ ಇವೆ, ಒಂದೊಂದೂ ಹತ್ತಿರ ಹತ್ತಿರ 70 ಕಿಲೋ. ಎತ್ತಿಕೊಂಡು ಮರಳಲ್ಲಿ ನಡೆಯುವುದನ್ನು ಊಹಿಸಿ.

ಅಲಾಯ ಮಾದರಿಯ ಹಲಗೆ ಒಂದು ನಾನೂ ಕೆತ್ತಿದೆ. ಅಡಿಯಲ್ಲಿ ಫಿನ್, ಅಂದರೆ ಮೀನಿನ ರೆಕ್ಕೆಯಂಥ ತುಂಡು, ಇರುವುದಿಲ್ಲ. ಮೊದಲ ವಾರ ಪೂರ್ತಿ ಹಲಗೆ ಕಾಲಡಿಯಿಂದ ಅಡ್ಡಡ್ಡ ಜಾರಿ ಹೋಗುತ್ತಿತ್ತು, ಸೋಪಿನ ಮೇಲೆ ನಿಂತ ಹಾಗೆ. ಎಂಟನೇ ದಿನವೋ ಒಂಬತ್ತನೇ ದಿನವೋ, ಹಿಂದಿನ ಕಾಲಿನ ಭಾರವನ್ನು ಅಂಚಿಗೆ ಒತ್ತಿದಾಗ ಅಂಚು ಅಲೆಯ ಗೋಡೆಯನ್ನು ಕಚ್ಚಿಕೊಂಡಿತು. ಒಂದು ಸಣ್ಣ ಗುಂಯ್ ಸದ್ದು ಬಂತು, ತೆಳ್ಳಗಿನ ಮರ ನಡುಗುವುದು ಪಾದಕ್ಕೆ ಗೊತ್ತಾಯಿತು, ಆಮೇಲೆ ಅದು ಓಡಿದ ವೇಗ ನನ್ನ ಬೇರೆ ಯಾವ ಹಲಗೆಯಲ್ಲೂ ಕಂಡಿಲ್ಲ. ಮರಕ್ಕೆ ಅಂಚು ಎಷ್ಟು ಚೂಪಿರಬೇಕು, ಹೊಟ್ಟೆ ಎಷ್ಟು ಬಾಗಿರಬೇಕು ಅಂತ ಅವರು ನೂರಾರು ವರ್ಷ ತಿದ್ದಿ ತಿದ್ದಿ ಕಂಡುಕೊಂಡಿದ್ದರು. ಅದು ಆಟದ ಸಾಮಾನಲ್ಲ, ಪಳಗಿದ ಕೈಯ ವಿದ್ಯೆ.

ಈಗಿನ ಹಲಗೆಗೆ ಬಂದದ್ದು ಹೀಗೆ. ಟಾಮ್ ಬ್ಲೇಕ್ ಅನ್ನುವ ಅಮೆರಿಕನ್ 1920ರ ದಶಕದಲ್ಲಿ ಬಿಷಪ್ ಮ್ಯೂಸಿಯಂನಲ್ಲಿ ಆ ಪಾಕಿ ಹಲಗೆಗಳನ್ನು ಸರಿಪಡಿಸಿ ಕೊಟ್ಟರು. ಅದೇ ಆಕಾರ, ತೂಕ ಮಾತ್ರ ಕಮ್ಮಿ ಆಗಬೇಕು ಅಂತ ಒಳಗೆ ಟೊಳ್ಳು ಇರುವ ಹಲಗೆ ಮಾಡಿದರು. 1935ರಲ್ಲಿ ಒಂದು ಫಿನ್ ಅಂಟಿಸಿದರು, ಹಲಗೆ ಅಡ್ಡ ಜಾರುವುದು ನಿಂತಿತು. ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂತು, 1958ರ ಹೊತ್ತಿಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮ್ ಹಲಗೆ ತಂದರು. ಅಲ್ಲಿಂದ ಯಾರು ಬೇಕಾದರೂ ಎತ್ತಬಹುದಾದ ಹಲಗೆ ಆಯಿತು. 1971ರ ಸುಮಾರಿಗೆ ಕಾಲಿಗೆ ಕಟ್ಟುವ ಹಗ್ಗ. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ ಇಟ್ಟ ಹಲಗೆಯಲ್ಲಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದರು. ಇವತ್ತಿಗೂ ಹೆಚ್ಚಿನ ಹಲಗೆ ಆ ಮೂರು ಫಿನ್ನಿನದ್ದೇ. ಡ್ಯೂಕ್ 1914ರ ಡಿಸೆಂಬರ್‌ನಲ್ಲಿ ಸಿಡ್ನಿಗೆ ಹೋಗಿ ಅಲ್ಲೇ ಪೈನ್ ಮರದ ಹಲಗೆ ಕೆತ್ತಿ ಆಸ್ಟ್ರೇಲಿಯಾಕ್ಕೆ ಸರ್ಫಿಂಗ್ ಕಲಿಸದಿದ್ದರೆ ಸೈಮನ್ ಆಂಡರ್ಸನ್ ಕೂಡ ಇರುತ್ತಿರಲಿಲ್ಲ.


ದಕ್ಷಿಣದಲೆ:

ಹಲಗೆಗಾರ ಅವರೇ, ಕೊನೆಯ ಸಾಲಿಗೆ ಒಂದು ತಿದ್ದುಪಡಿ. ಡ್ಯೂಕ್ ಹೋಗುವ ಮೊದಲೇ ಆಸ್ಟ್ರೇಲಿಯಾದಲ್ಲಿ ಹಲಗೆ ಇತ್ತು. ಮ್ಯಾನ್ಲಿಯ ಟಾಮಿ ವಾಕರ್ ಅನ್ನುವ ಹಡಗು ಕೆಲಸದ ಯುವಕ ವೈಕಿಕಿಯಲ್ಲಿ ಹಲಗೆ ಕೊಂಡು ತಂದಿದ್ದ, 1912ರ ಹೊತ್ತಿಗೆ ಅದರ ಮೇಲೆ ನಿಂತು ಬರುತ್ತಿದ್ದ. ಹಾಗಾಗಿ ಡ್ಯೂಕ್ "ಮೊದಲು ಕಲಿಸಿದರು" ಅಂತ ಬೇಡ. ಫ್ರೆಶ್‌ವಾಟರ್ ಕಡಲತೀರದಲ್ಲಿ ಸಾವಿರಾರು ಜನರ ಕಣ್ಣಿಗೆ ಅದನ್ನು ತೋರಿಸಿ ಹುಚ್ಚು ಹಿಡಿಸಿದರು ಅಂದರೆ ಸರಿ. ಇಸಬೆಲ್ ಲೆಥಮ್ ಅನ್ನುವ ಹದಿನೈದು ವರ್ಷದ ಹುಡುಗಿಯನ್ನು ಅದೇ ಹಲಗೆ ಮೇಲೆ ನಿಲ್ಲಿಸಿಕೊಂಡು ಅಲೆ ಏರಿದರು. ಆ ಹುಡುಗಿ ಮುಂದೆ ಈಜು ಕಲಿಸುವವಳಾದಳು. ಡ್ಯೂಕ್ ಕೆತ್ತಿದ ಆ ಹಲಗೆ ಫ್ರೆಶ್‌ವಾಟರ್ ಕ್ಲಬ್ಬಿನಲ್ಲಿ ಇವತ್ತಿಗೂ ಇದೆ.

ಮಕ್ಕಳಿಗೆ ಡ್ಯೂಕ್ ಬಗ್ಗೆ ಹೇಳುವಾಗ ಪದಕ ಮಾತ್ರ ಹೇಳಬೇಡಿ. 1912 ಮತ್ತು 1920ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ, ಸರಿ. ನನಗೆ ಅದಕ್ಕಿಂತ ದೊಡ್ಡದು 1925ರ ಜೂನ್. ಕ್ಯಾಲಿಫೋರ್ನಿಯಾದ ಕೊರೊನಾ ಡೆಲ್ ಮಾರ್ ಹತ್ತಿರ ತೆಲ್ಮಾ ಅನ್ನುವ ಮೀನು ದೋಣಿ ದೊಡ್ಡ ಅಲೆಗೆ ಮಗುಚಿತು. ಡ್ಯೂಕ್ ಹಲಗೆ ತಗೊಂಡು ಮತ್ತೆ ಮತ್ತೆ ಹೋಗಿ ಎಂಟು ಜನರನ್ನು ದಡಕ್ಕೆ ತಂದರು. ಅವರಿಗೂ ಮೊದಲು, 1908ರ ಡಿಸೆಂಬರ್‌ನಲ್ಲಿ, ಪಡುಗಾಳಿ ಹೇಳಿದ ಜಾರ್ಜ್ ಫ್ರೀತ್ ಕ್ಯಾಲಿಫೋರ್ನಿಯಾದ ವೆನಿಸ್ ಹತ್ತಿರ ಬಿರುಗಾಳಿಗೆ ಸಿಕ್ಕ ಜಪಾನಿ ಮೀನುಗಾರರನ್ನು ಕಾಪಾಡಿ ಅಮೆರಿಕ ಸರ್ಕಾರದ ಚಿನ್ನದ ಪದಕ ಪಡೆದಿದ್ದ. 1919ರಲ್ಲಿ ಫ್ಲೂ ಬಂದು ತೀರಿಕೊಂಡಾಗ ಅವನಿಗೆ ಮೂವತ್ತೈದು. ಕ್ಯಾಲಿಫೋರ್ನಿಯಾದ ಜೀವರಕ್ಷಕ ಪರಂಪರೆಯೇ ಹವಾಯಿ ಕಡಲಿನಿಂದ ಬಂದದ್ದು ಅಂದರೆ ತಪ್ಪಾಗಲಾರದು.


ನಕ್ಷೆಪ್ರೇಮಿ:

ಪೆರು ಬಗ್ಗೆ ನಾನು ಹೇಳುತ್ತೇನೆ. ಪೆರುವಿನ ಉತ್ತರ ಕರಾವಳಿಯಲ್ಲಿ ಹುಆನ್‌ಚಾಕೊ ಅಂತ ಊರು. ಅಲ್ಲಿನ ಮೀನುಗಾರರು ಟೊಟೊರಾ ಅನ್ನುವ ಜೊಂಡು ಕಟ್ಟಿ ಚೂಪು ಮೂತಿಯ ಪುಟ್ಟ ದೋಣಿ ಮಾಡುತ್ತಾರೆ. ಸ್ಪಾನಿಷ್‌ನಲ್ಲಿ ಅದಕ್ಕೆ ಕಬಾಯಿತೊ, ಅಂದರೆ ಪುಟ್ಟ ಕುದುರೆ. ಮೀನು ಹಿಡಿದು ವಾಪಸ್ ಬರುವಾಗ ಅಲೆ ಮೇಲೇ ಬರುತ್ತಾರೆ. ಜೊಂಡು ನೀರು ಕುಡಿದು ಭಾರವಾಗುತ್ತದೆ, ಅದಕ್ಕೇ ದಡದಲ್ಲಿ ಸಾಲಾಗಿ ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಾರೆ. ಇನ್ಕಾಗಳಿಗಿಂತ ಎಷ್ಟೋ ಹಿಂದಿನ ಮೊಚೆ ಜನರ ಮಡಕೆಗಳ ಮೇಲೂ ಈ ದೋಣಿ ಕಾಣುತ್ತದೆ. ಪೆರುವೇ ಮೊದಲು ಅಂತ ಗಟ್ಟಿಯಾಗಿ ವಾದ ಮಾಡುವವರಲ್ಲಿ ಫೆಲಿಪೆ ಪೊಮಾರ್ ಒಬ್ಬರು, 1965ರಲ್ಲಿ ಪೆರುವಿನಲ್ಲೇ ವಿಶ್ವ ಚಾಂಪಿಯನ್ ಆದವರು.

ಪಶ್ಚಿಮ ಆಫ್ರಿಕಾದಲ್ಲೂ ಇದೆ. ಈಗಿನ ಘಾನಾ ಕರಾವಳಿಯಲ್ಲಿ ಮಕ್ಕಳು ಹಲಗೆ ಹಿಡಿದು ನೀರಿಗಿಳಿಯುವುದನ್ನು 1640ರ ದಶಕದಲ್ಲೇ ಒಬ್ಬ ಜರ್ಮನ್ ಬರೆದಿದ್ದಾನೆ. 1834ರಲ್ಲಿ ಅಕ್ರಾದಲ್ಲಿ ಹುಡುಗರು ಹೊಟ್ಟೆಯಡಿ ಹಗುರ ಹಲಗೆ ಇಟ್ಟುಕೊಂಡು ಅಲೆಗೆ ಕಾಯುತ್ತಿದ್ದುದನ್ನು ಜೇಮ್ಸ್ ಅಲೆಕ್ಸಾಂಡರ್ ಬರೆದಿದ್ದಾರೆ. ತಾಹಿತಿಯಲ್ಲಿ 1769ರಲ್ಲಿ ಜೋಸೆಫ್ ಬ್ಯಾಂಕ್ಸ್ ಕಂಡದ್ದು ಹಳೇ ದೋಣಿಯ ತುಂಡು ಹಿಡಿದು ಅಲೆ ಮೇಲೆ ಬರುವವರನ್ನು.

ಹಾಗಾದರೆ ಮೊದಲು ಯಾರು? ನನಗೆ ಆ ಪ್ರಶ್ನೆಯೇ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಬೆಚ್ಚಗಿನ ನೀರು, ಒಡೆಯುವ ಅಲೆ, ತೇಲುವ ಒಂದು ತುಂಡು ಇದ್ದ ಕಡೆಯೆಲ್ಲ ಮಕ್ಕಳು ಇದನ್ನು ಕಂಡುಕೊಂಡಿದ್ದಾರೆ. ಆದರೆ ನಿಂತು ಓಡಿಸುವ ಉದ್ದ ಹಲಗೆ, ಅಲೆಗೊಂದು ಹೆಸರು, ಅದಕ್ಕೊಂದು ಹಾಡು, ಕೊನದ ಕಹಲುಉ ಕೊಲ್ಲಿಯಲ್ಲಿರುವಂತೆ ಅಲೆಗೆ ಮುಖ ಮಾಡಿದ ಒಂದು ಗುಡಿ, ರಾಣಿಯಿಂದ ಮೀನುಗಾರನ ತನಕ ಎಲ್ಲರೂ ನೀರಲ್ಲಿ, ಇಷ್ಟೂ ಒಟ್ಟಿಗೆ ಸಿಗುವುದು ಹವಾಯಿಯಲ್ಲೇ. ಇವತ್ತು ಜಗತ್ತೆಲ್ಲ ಆಡುತ್ತಿರುವ ಸರ್ಫಿಂಗ್ ಬಂದದ್ದೂ ಅಲ್ಲಿಂದಲೇ. ಪೆರುವಿಗೂ ಆಧುನಿಕ ಹಲಗೆ ಹೋದದ್ದು ಹವಾಯಿಯಿಂದ.

ಪೆರುವಿಗೆ ಒಂದು ಮೆಚ್ಚುಗೆ ಹೇಳಲೇಬೇಕು. 2000ದಲ್ಲಿ ಅವರು ಅಲೆ ಒಡೆಯುವ ಜಾಗಗಳನ್ನು ಕಾಪಾಡೋಕೆ ಅಂತಲೇ ಕಾನೂನು ಮಾಡಿದರು. ತಡೆಗೋಡೆ ಕಟ್ಟಿ ಅಲೆ ಕೆಡಿಸುವಂತಿಲ್ಲ. ಇದನ್ನು ಎಲ್ಲ ದೇಶಗಳೂ ನೋಡಿ ಕಲಿಯಬೇಕು.


ಪಡುಗಾಳಿ:

ನಕ್ಷೆಪ್ರೇಮಿ ಹೇಳಿದ್ದು ನೂರಕ್ಕೆ ನೂರು ಒಪ್ಪಿದೆ. ತೆರೆಮಲ್ಲಿ, ನಿಮ್ಮ ಮಾತು 1915ಕ್ಕೇ ನಿಲ್ಲದಿರಲಿ ಅಂತ ಇನ್ನೊಂದಿಷ್ಟು.

1960-70ರಲ್ಲಿ ಒಅಹು ದ್ವೀಪದ ಉತ್ತರ ದಡ ದೊಡ್ಡ ಅಲೆಗಳ ರಾಜಧಾನಿಯಾಯಿತು. ಸ್ಪರ್ಧೆ, ಹಣ, ಕ್ಯಾಮೆರಾ ಎಲ್ಲ ಬಂತು, ಊರವರಿಗೇ ನೀರಲ್ಲಿ ಜಾಗ ಇಲ್ಲದ ಹಾಗಾಯಿತು. 1976ರಲ್ಲಿ ಅಲ್ಲಿನವರು ಹುಇ ಓ ಹೆಎ ನಲು ಅಂತ ಸಂಘ ಕಟ್ಟಿ ಎದುರು ನಿಂತರು. ಅದೇ ವರ್ಷ ಹೊಕುಲೆಅ ಅನ್ನುವ ಹಾಯಿ ದೋಣಿ ಯಾವ ಉಪಕರಣವೂ ಇಲ್ಲದೆ, ನಕ್ಷತ್ರ ಮತ್ತು ಅಲೆ ನೋಡಿಕೊಂಡು ಹವಾಯಿಯಿಂದ ತಾಹಿತಿಗೆ ಹೋಯಿತು. ಭಾಷೆ, ಹುಲ ಕುಣಿತ, ದೋಣಿ ಎಲ್ಲಕ್ಕೂ ಮರುಜೀವ ಬಂದ ಕಾಲ ಅದು.

ಎಡ್ಡಿ ಐಕಾವು ಬಗ್ಗೆ ಹೇಳದೆ ಇರಬೇಡಿ. ವೈಮಿಯ ಕೊಲ್ಲಿಯ ಜೀವರಕ್ಷಕ, ಯಾರೂ ಇಳಿಯದ ಅಲೆಗೆ ಇಳಿದು ನೂರಾರು ಜನರನ್ನು ಉಳಿಸಿದವರು. 1978ರ ಮಾರ್ಚ್‌ನಲ್ಲಿ ಹೊಕುಲೆಅ ಎರಡನೇ ಯಾನದಲ್ಲಿ ಬಿರುಗಾಳಿಗೆ ಮಗುಚಿದಾಗ, ಜೊತೆಯವರಿಗೆ ಸಹಾಯ ತರುತ್ತೇನೆ ಅಂತ ತಮ್ಮ ಸರ್ಫ್‌ಬೋರ್ಡ್ ಮೇಲೆ ಒಬ್ಬರೇ ದ್ವೀಪದ ಕಡೆ ಹೊರಟರು. ಜೊತೆಯವರು ಬದುಕಿದರು. ಎಡ್ಡಿ ಮತ್ತೆ ಸಿಗಲಿಲ್ಲ. ಅವರ ಹೆಸರಿನ ಸ್ಪರ್ಧೆ ಅಲೆ ಸಾಕಷ್ಟು ಎತ್ತರ ಎದ್ದ ವರ್ಷ ಮಾತ್ರ ನಡೆಯುತ್ತದೆ. 2023ರ ಜನವರಿಯಲ್ಲಿ ಅದನ್ನು ಗೆದ್ದದ್ದು ಲೂಕ್ ಶೆಪರ್ಡ್‌ಸನ್, ಅದೇ ಕಡಲತೀರದ ಜೀವರಕ್ಷಕ. ಆ ದಿನ ಅವರಿಗೆ ಡ್ಯೂಟಿ ಇತ್ತು. ಬಿಡುವಿನಲ್ಲಿ ಬಂದು ಅಲೆ ಏರಿ ವಾಪಸ್ ಕೆಲಸಕ್ಕೆ ಹೋಗುತ್ತಿದ್ದರು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಸಲ ಬಂತು, ಹೆಂಗಸರ ಚಿನ್ನ ಗೆದ್ದದ್ದು ಹವಾಯಿ ಮೂಲದ ಕರಿಸ್ಸಾ ಮೂರ್. ವೃತ್ತಿಪರ ಸ್ಪರ್ಧೆಗಳಲ್ಲಿ ಹವಾಯಿ ಬಾವುಟದಡಿ ಆಡುವವರು ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾವುಟದಡಿ ಆಡಬೇಕಾಯಿತು. 2024ರ ಸ್ಪರ್ಧೆ ತಾಹಿತಿಯ ತೆಅಹುಪೊಒದಲ್ಲಿ ನಡೆಯಿತು, ಗಂಡಸರ ಚಿನ್ನ ಗೆದ್ದವರು ತಾಹಿತಿಯಲ್ಲೇ ಹುಟ್ಟಿ ಬೆಳೆದ ಕೌಲಿ ವಾಸ್ಟ್. ಅಲ್ಲಿ ಬಾವುಟ ಫ್ರಾನ್ಸಿನದ್ದು.


ತೆರೆಮಲ್ಲಿ:

ಎಲ್ಲ ಓದಿ ನನ್ನ ಟಿಪ್ಪಣಿಯ ಮೊದಲ ಪುಟ ಹರಿದು ಹಾಕಿದೆ. ಈಗ ಹೀಗೆ ಬರೆದಿದ್ದೇನೆ: "ರೋಗ, ಬಲವಂತದ ದುಡಿಮೆ, ಮಿಷನರಿಗಳ ತಿರಸ್ಕಾರ, ರಾಜ್ಯ ಹೋದದ್ದು, ಇಷ್ಟಾದರೂ ಹವಾಯಿ ಜನ ಅಲೆ ಬಿಡಲಿಲ್ಲ. 1900ರ ನಂತರ ಬಂದವರು ಅದನ್ನು ಜಗತ್ತಿಗೆ ಸಾರಿದರು, ಹುಟ್ಟಿಸಲಿಲ್ಲ." ಸರಿ ಇದೆಯಾ?

ಇನ್ನೊಂದು ಸಣ್ಣದು. ಸರ್ಫಿಂಗ್‌ಗೆ ಅವರ ಹೆಸರನ್ನು ಬೋರ್ಡ್ ಮೇಲೆ ಕನ್ನಡದಲ್ಲಿ ಬರೆಯಬೇಕು ಅಂತಿದ್ದೇನೆ. ಹೇಗೆ ಬರೆಯಲಿ? ಹೇ ನಾಲು ಅಂತ ಒಂದು ಕಡೆ ನೋಡಿದೆ.


ಹಳೇಪುಟ:

ವಾಕ್ಯ ಸರಿ ಇದೆ, ಹಾಗೇ ಇಡಿ.

ಹೆಸರು ಹೇ ನಾಲು ಅಲ್ಲ, ಹೆಎ ನಲು. ಹೆ, ಎ ಎರಡೂ ಹ್ರಸ್ವ. ನಡುವೆ ಗಂಟಲಲ್ಲಿ ಉಸಿರನ್ನು ಒಂದು ಕ್ಷಣ ತಡೆದು ಬಿಡಬೇಕು, ಆ ತಡೆಯೂ ಹವಾಯಿ ಭಾಷೆಯಲ್ಲಿ ಒಂದು ಅಕ್ಷರವೇ. ಹೇ ಅಂತ ಎಳೆದರೆ ಅದು ಬೇರೆ ಪದ ಆಗಿಬಿಡುತ್ತದೆ. ನಲು ಅನ್ನೋದೂ ಚಿಕ್ಕದಾಗಿ. ಹೆಎ ಅಂದರೆ ಜಾರು, ಹರಿ ಅಂತ, ಆಕ್ಟೋಪಸ್‌ಗೂ ಅದೇ ಹೆಸರು. ನಲು ಅಂದರೆ ಅಲೆ. ಹ್ರಸ್ವ ದೀರ್ಘ ಎರಡೂ ನಮ್ಮ ಲಿಪಿಯಲ್ಲಿ ಬೇರೆ ಬೇರೆ ಇರೋದರಿಂದ ಬರೆಯೋಕೆ ಏನೂ ತೊಂದರೆ ಇಲ್ಲ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಯಲ್ಲಿ ಎರಡು ಸಲ ಜೋರಾಗಿ ಹೇಳಿಸಿ, ಆಮೇಲೆ ಆ ಮೂವರು ಅಣ್ಣತಮ್ಮಂದಿರ ಕಥೆ ಶುರು ಮಾಡಿ.